ಎರಡು ಎಕರೆ ಗುತ್ತಿಗೆ ದುಡ್ಡಿಗೆ ಒಂದು ಪುಸ್ತಕ

ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂದ ದಿನ ಮಾತ್ರ ನಮ್ಮದೂ ಒಂದು ಜಿಲ್ಲೆ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆ. ಪಟ್ಟಿಯಲ್ಲಿ ಎಷ್ಟನೇ ಸ್ಥಾನ ಅಂತ ನೋಡಿ ಮುಗಿಸಿದರೆ ಮಾರನೇ ದಿನದಿಂದ ನಾವು ಮತ್ತೆ ‘ತುಮಕೂರು ಕಡೆಯೋರು’. ಕಾಲೇಜಿಗೆ ಬಂದ ಮೇಲೂ ಹಾಗೇ. ಆದರೆ ನಮ್ಮ ಕನ್ನಡ ಸಂಘದ ಶನಿವಾರದ ಕೂಟಕ್ಕೆ ಬಂದು ನೋಡಿ, ಈ ನಾಲ್ಕು ತಾಲ್ಲೂಕಿನವರು ಲೆಕ್ಕಕ್ಕಿಂತ ಜಾಸ್ತಿ ಇದ್ದೇವೆ. ಬರೆಯುವ ಹುಚ್ಚು ಹತ್ತಿಸಿಕೊಂಡವರೂ ನಮ್ಮಲ್ಲೇ ಜಾಸ್ತಿ.

ಈ ಸಲ ಸಂಘದ ಮುಂದೆ ಒಂದು ಪ್ರಸ್ತಾಪ ಬಂದಿದೆ. ನವೆಂಬರ್ ರಾಜ್ಯೋತ್ಸವದಲ್ಲಿ ಸದಸ್ಯರ ನಾಲ್ಕು ಪುಸ್ತಕಗಳನ್ನು ಒಟ್ಟಿಗೆ ಬಿಡುಗಡೆ ಮಾಡೋಣ, ಸಮಾರಂಭದ ಖರ್ಚು ಸಂಘದ್ದು, ಅಚ್ಚಿನ ಖರ್ಚು ಬರೆದವರದ್ದು. ಆ ನಾಲ್ಕು ಪುಸ್ತಕಗಳೂ ನಮ್ಮವೇ. ಹಾಗಿದ್ದೂ ನಾವು ಇದನ್ನು ವಿರೋಧಿಸುತ್ತಿದ್ದೇವೆ. ಯಾಕೆ ಅಂತ ಕೇಳಿದವರಿಗೆಲ್ಲ ಮೆಸ್ಸಿನ ಕ್ಯೂನಲ್ಲಿ ನಿಂತು ಹೇಳಿ ಸಾಕಾಗಿ ಇಲ್ಲಿ ಬರೆಯುತ್ತಿದ್ದೇವೆ.

ಮೊದಲು ಯಾರು ಏನು ಬರೆಯುತ್ತಿದ್ದಾರೆ ಅಂತ ಹೇಳಿಬಿಡ್ತೀವಿ. ಮಧುಗಿರಿಯ ಸಿವಿಲ್ ಹುಡುಗಿಯ ಹತ್ತಿರ ಹನ್ನೊಂದು ಕಥೆಗಳಿವೆ. ಏಳರಲ್ಲಿ ಏಕಶಿಲಾ ಬೆಟ್ಟ ಬರುತ್ತೆ, ಒಂದರಲ್ಲೂ ಯಾರೂ ಬೆಟ್ಟ ಹತ್ತಲ್ಲ. ಎಲ್ಲವೂ ಬುಡದಲ್ಲಿ ಸೌತೆಕಾಯಿ, ಮಜ್ಜಿಗೆ ಮಾರುವವರ ಕಥೆಗಳು. ಶಿರಾ ಕಡೆಯವನು ಗೊಲ್ಲರಹಟ್ಟಿಗಳಿಗೆ ಹೋಗಿ, ಗಣೆ ಊದುತ್ತ ಜುಂಜಪ್ಪನ ಕಥೆ ಹಾಡುವ ಹಿರಿಯರನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ಅಕ್ಷರಕ್ಕೆ ಇಳಿಸುತ್ತಿದ್ದಾನೆ. ಕೊರಟಗೆರೆಯವನದು ಹಾಸ್ಟೆಲ್ ಕಾದಂಬರಿ. ಮುನ್ನೂರು ಪುಟ ದಾಟಿದೆ, ನಾಯಕ ಇನ್ನೂ ಮೂರನೇ ಸೆಮಿಸ್ಟರಿನಲ್ಲೇ ಇದ್ದಾನೆ. ಪಾವಗಡದ ಎಲೆಕ್ಟ್ರಿಕಲ್ ಹುಡುಗನದು ಸೋಲಾರ್ ಪಾರ್ಕ್ ಬಗ್ಗೆ. ತಿರುಮಣಿ, ವಳ್ಳೂರು ಸುತ್ತಿನ ಐದು ಹಳ್ಳಿಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್ ಉತ್ಪಾದನೆ ಆಗುತ್ತೆ ಅಂತ ನಮ್ಮ ಕ್ಲಾಸಿನ ಪಿಪಿಟಿಗಳಲ್ಲಿ ಇದೆ. ಕಡಲೆಕಾಯಿ ಬಿತ್ತುತ್ತಿದ್ದ ಹೊಲಕ್ಕೆ ಬೇಲಿ ಬಿದ್ದ ಮೇಲೆ ಮನೆಯಲ್ಲಿ ಗಂಡಸರು ಬೆಳಗ್ಗೆ ಎದ್ದು ಏನು ಮಾಡ್ತಾರೆ ಅನ್ನುವುದು ಅವನ ಪುಸ್ತಕದಲ್ಲಿದೆ. ನಾಲ್ಕರಲ್ಲಿ ಸದ್ಯಕ್ಕೆ ಪುಸ್ತಕ ಆಗುವ ಕಳೆ ಇರುವುದು ಅದಕ್ಕೇ ಅಂತ ನಮ್ಮೆಲ್ಲರ ಅಭಿಪ್ರಾಯ, ಕಾದಂಬರಿಕಾರನೊಬ್ಬನನ್ನು ಬಿಟ್ಟು.

ಈ ಪಾವಗಡದವನಿಗೆ ಬೆಂಗಳೂರಿನ ಒಬ್ಬ ಪ್ರಕಾಶಕರಿಂದ ಫೋನ್ ಬಂತು. ಹಸ್ತಪ್ರತಿ ಕಳಿಸಿ ಮೂರೇ ದಿನಕ್ಕೆ. ‘ತುಂಬಾ ಚೆನ್ನಾಗಿದೆ ಸರ್, ನಾವೇ ಮಾಡ್ತೀವಿ’ ಅಂದರು. 128 ಪುಟ, 300 ಪ್ರತಿ, ಲೇಖಕರು ಕೊಡಬೇಕಾದ್ದು 42,000 ರೂಪಾಯಿ. ಲೇಖಕರಿಗೆ 50 ಪ್ರತಿ ಉಚಿತ. ಉಳಿದದ್ದು ‘ಲೈಬ್ರರಿಗೆ ಹೋಗುತ್ತೆ’. ಹುಡುಗ ಊರಿಗೆ ಹೋಗಿ ಅಪ್ಪನ ಹತ್ತಿರ ಹೇಳಿದ. ಅವರು ಹೆಚ್ಚು ಯೋಚನೆ ಮಾಡಲಿಲ್ಲ. ‘ಗುತ್ತಿಗೆ ದುಡ್ಡು ಬತ್ತದಲ್ಲಪ್ಪಾ, ಈ ವರ್ಸದ್ದು ನಿನ್ ಬುಕ್ಕಿಗೆ ಹಾಕ್ಕೋ’ ಅಂದರಂತೆ. ಪಾರ್ಕಿಗೆ ಜಮೀನು ಕೊಟ್ಟಾಗ ಶುರುವಿನಲ್ಲಿ ಗೊತ್ತಾದ ದರ ಎಕರೆಗೆ ವರ್ಷಕ್ಕೆ 21,000. ಅಂದರೆ ಆ ದರದಲ್ಲಿ ಎರಡು ಎಕರೆಯ ಒಂದು ವರ್ಷದ ಬಾಡಿಗೆ ಒಂದು ಪುಸ್ತಕಕ್ಕೆ.

ಇಂಜಿನಿಯರಿಂಗ್ ಓದುವವರು ಲೆಕ್ಕ ಹಾಕದೆ ಇರಲ್ಲ. ಡೆಮಿ 1/8 ಸೈಜಿನಲ್ಲಿ ಒಂದು ಫಾರಂ ಅಂದರೆ 16 ಪುಟ. 128 ಪುಟ ಅಂದರೆ ಸರಿಯಾಗಿ ಎಂಟು ಫಾರಂ. ತುಮಕೂರಿನ ಒಂದು ಪ್ರೆಸ್ಸಿನಲ್ಲಿ ಹೋಗಿ ವಿಚಾರಿಸಿದೆವು. ಪ್ರತಿಗೆ 70 ರೂಪಾಯಿ ಆಗಬಹುದು ಅಂದರು. 300 ಪ್ರತಿಗೆ 21,000. ಒಂದು ಎಕರೆ ಪ್ರೆಸ್ಸಿಗೆ ಹೋಯಿತು, ಇನ್ನೊಂದು ಎಕರೆ ಪ್ರಕಾಶಕರ ಹತ್ತಿರ ಉಳಿಯಿತು. ಅಕ್ಷರ ಜೋಡಣೆ, ಮುಖಪುಟದ ಚಿತ್ರ ಅಂತ ಅದರಲ್ಲಿ ಒಂದಿಷ್ಟು ಕಳೆಯಿರಿ, ಆದರೂ ಒಂದೇ ಒಂದು ಪ್ರತಿ ಮಾರದೆ ಅವರ ವ್ಯಾಪಾರ ಮುಗಿದಿದೆ.

ನಮ್ಮ ತಕರಾರು ಇಲ್ಲಿದೆ. ಅವರು ಮೋಸಗಾರರು ಅಂತ ನಾವು ಹೇಳ್ತಿಲ್ಲ. ಹೇಳಿದ ಪುಸ್ತಕ ಮಾಡಿಕೊಡ್ತಾರೆ, ಐವತ್ತು ಪ್ರತಿ ಮನೆಗೆ ಕಳಿಸ್ತಾರೆ. ಆದರೆ ಪ್ರಕಾಶಕ ಅಂದರೆ ಬರೆದವನ ಮೇಲೆ ತನ್ನ ದುಡ್ಡು ಹಾಕಿ, ಅದನ್ನು ಓದುಗನಿಂದ ವಾಪಸ್ ಪಡೆಯಬೇಕಾದವನು. ಆ ಭಯ ಇದ್ದರೆ ತಾನೇ ಹಸ್ತಪ್ರತಿಯನ್ನು ಎರಡು ಸಲ ಓದುವುದು, ಈ ಅಧ್ಯಾಯ ಕಿತ್ತು ಹಾಕಿ ಅನ್ನುವುದು, ಅಂಗಡಿಗೆ ಕಳಿಸುವುದು? ಬರೆದವನೇ ಪೂರ್ತಿ ದುಡ್ಡು ಕೊಟ್ಟ ಮೇಲೆ ಗಿರಾಕಿ ಬರೆದವನೇ. ಗಿರಾಕಿಗೆ ಯಾರಾದರೂ ‘ನಿಮ್ಮ ಐದನೇ ಅಧ್ಯಾಯ ಚೆನ್ನಾಗಿಲ್ಲ’ ಅಂತಾರಾ? ಅದಕ್ಕೇ ಮೂರು ದಿನಕ್ಕೆ ಫೋನ್ ಬಂದಿದ್ದು. ಬೆಂಗಳೂರಿನಲ್ಲಿ ರೆಡಿಮೇಡ್ ಫೈನಲ್ ಇಯರ್ ಪ್ರಾಜೆಕ್ಟ್ ಮಾರುವ ಅಂಗಡಿಗಳು ನಮಗೆಲ್ಲ ಗೊತ್ತಿರುವವೇ. ಅಲ್ಲೂ ಬೈಂಡಿಂಗ್ ಚೆನ್ನಾಗಿರುತ್ತೆ.

ಆ ‘ಲೈಬ್ರರಿಗೆ ಹೋಗುತ್ತೆ’ ಅನ್ನುವ ಮಾತನ್ನೂ ಸ್ವಲ್ಪ ಬಿಡಿಸಿ ನೋಡಬೇಕು. ಸಾರ್ವಜನಿಕ ಗ್ರಂಥಾಲಯ ಇಲಾಖೆ ಸಗಟು ಖರೀದಿ ಮಾಡುವುದು ನಿಜ. ಆದರೆ ಅದಕ್ಕೆ ಆಯ್ಕೆ ಸಮಿತಿ ಇದೆ, ಕಳಿಸಿದ ಎಲ್ಲವೂ ಆಯ್ಕೆ ಆಗಲ್ಲ. ಬೆಲೆ ಪುಟದ ಲೆಕ್ಕದಲ್ಲಿ ನಿಗದಿ ಆಗುತ್ತೆ, ಆಯ್ಕೆಯಾದರೂ ದುಡ್ಡು ತಡವಾಗಿ ಬರುತ್ತೆ ಅನ್ನುವುದು ಕನ್ನಡ ಪ್ರಕಾಶಕರ ಹಳೇ ದೂರು. ಆ ದುಡ್ಡು ಬಂದಾಗ ಹೋಗುವುದು ಪ್ರಕಾಶಕರ ಖಾತೆಗೆ. ಹಾಗಾಗಿ ‘ಲೈಬ್ರರಿಗೆ ಹೋದರೆ ನನಗೆಷ್ಟು?’ ಅಂತ ಕೇಳಿ ಅದನ್ನು ಕಾಗದದ ಮೇಲೆ ಬರೆಸಿಕೊಳ್ಳಬೇಕು. ನಮ್ಮ ಹುಡುಗ ಕೇಳಿದ. ಆ ಕಡೆಯಿಂದ ‘ಅದೆಲ್ಲಾ ಆಮೇಲೆ ನೋಡೋಣ ಸರ್’ ಅಂತ ಬಂತು.

ಕಾಗದದ ವಿಷಯ ಬಂದಿದ್ದರಿಂದ ಇದೊಂದು ಹೇಳಿಬಿಡ್ತೀವಿ, ನಮ್ಮ ಸಿಲಬಸ್ಸಿನಲ್ಲಿ ಇಲ್ಲದ್ದು. 1957ರ ಕೃತಿಸ್ವಾಮ್ಯ ಕಾಯ್ದೆ ಬರೆದವರ ಪರವಾಗಿ ತಕ್ಕಮಟ್ಟಿಗೆ ಚೆನ್ನಾಗಿದೆ. ಬರೆದ ಕ್ಷಣದಿಂದ ಹಕ್ಕು ನಿಮ್ಮದು, ನೋಂದಣಿ ಕಡ್ಡಾಯ ಅಲ್ಲ. ಹಕ್ಕನ್ನು ಬೇರೆಯವರಿಗೆ ವಹಿಸಿಕೊಡುವುದಾದರೆ ಲಿಖಿತವಾಗಿ, ಸಹಿ ಮಾಡಿಯೇ ಕೊಡಬೇಕು. ಎಷ್ಟು ವರ್ಷಕ್ಕೆ ಅಂತ ಬರೆಯದಿದ್ದರೆ ಐದು ವರ್ಷ ಅಂತ ಲೆಕ್ಕ. ಎಲ್ಲಿಗೆ ಅಂತ ಬರೆಯದಿದ್ದರೆ ಭಾರತಕ್ಕೆ ಮಾತ್ರ. ತೆಗೆದುಕೊಂಡವರು ಒಂದು ವರ್ಷ ಸುಮ್ಮನೆ ಇಟ್ಟುಕೊಂಡರೆ, ಕರಾರಿನಲ್ಲಿ ಬೇರೆ ರೀತಿ ಬರೆದಿರದಿದ್ದರೆ, ಆ ಹಕ್ಕು ಬಿದ್ದುಹೋಗುತ್ತೆ. ‘ಸಮಸ್ತ ಹಕ್ಕುಗಳು ಶಾಶ್ವತವಾಗಿ ಪ್ರಕಾಶಕರದ್ದು’ ಅನ್ನುವ ಒಂದು ಸಾಲಿನ ಕೆಳಗೆ, ಖುಷಿಯಲ್ಲಿ ಸಹಿ ಹಾಕುವ ಮುಂಚೆ ಇಷ್ಟು ನೆನಪಿಟ್ಟುಕೊಂಡರೆ ಸಾಕು. ಐಎಸ್‌ಬಿಎನ್‌ಗೆ ಅಂತ ಬೇರೆ ಚಾರ್ಜ್ ಕೇಳುವವರೂ ಇದ್ದಾರೆ. ನಮ್ಮ ದೇಶದಲ್ಲಿ ಅದನ್ನು ರಾಜಾ ರಾಮಮೋಹನ ರಾಯ್ ಹೆಸರಿನ ರಾಷ್ಟ್ರೀಯ ಏಜೆನ್ಸಿ ಪುಕ್ಕಟೆ ಕೊಡುತ್ತೆ.

ನಮ್ಮ ವಾದಕ್ಕೆ ಕೂಟದಲ್ಲಿ ಒಂದು ಗಟ್ಟಿ ಎದುರು ಮಾತು ಬಂತು. ‘ಗಳಗನಾಥರು ಸ್ವಂತ ದುಡ್ಡಲ್ಲೇ ಪುಸ್ತಕ ಮಾಡಿಸಿದ್ದಲ್ವಾ? ಕಾರಂತರು ಪುತ್ತೂರಿನಲ್ಲಿ ಪ್ರೆಸ್ಸೇ ಇಟ್ಟಿರಲಿಲ್ವಾ? ಅವರು ಮಾಡಿದರೆ ಸಾಹಸ, ನಾವು ಮಾಡಿದರೆ ತಪ್ಪಾ?’ ಸರಿಯಾದ ಪ್ರಶ್ನೆ. ಪಟ್ಟಿಗೆ ನಂಜನಗೂಡು ತಿರುಮಲಾಂಬ ಅವರನ್ನೂ ಸೇರಿಸಿಕೊಳ್ಳಿ. ಬಾಲ್ಯದಲ್ಲೇ ವಿಧವೆಯಾಗಿ, ಮನೆಯಲ್ಲೇ ಓದಿ, 1913ರಲ್ಲಿ ‘ಸತೀ ಹಿತೈಷಿಣಿ’ ಗ್ರಂಥಮಾಲೆ ಶುರು ಮಾಡಿದವರು ಅವರು. ಆದರೆ ಇವರೆಲ್ಲ ದುಡ್ಡನ್ನು ಇನ್ನೊಬ್ಬರ ಕೈಗೆ ಕೊಟ್ಟು ಮನೆಯಲ್ಲಿ ಕೂತವರಲ್ಲ. ಗಳಗನಾಥರು ಪುಸ್ತಕದ ಗಂಟು ಹೊತ್ತು ಊರೂರು ತಿರುಗಿ ಮಾರಿದರು. ಕಾಗದ ಆರಿಸುವುದರಿಂದ ಹಿಡಿದು ಓದುಗನ ಮನೆ ಬಾಗಿಲವರೆಗೆ ಎಲ್ಲ ತಲೆನೋವು ಅವರದೇ. ಆ ತಲೆನೋವು ತೆಗೆದುಕೊಳ್ಳಲು ತಯಾರಿದ್ದವರು ಧಾರಾಳವಾಗಿ ಸ್ವಂತ ಪ್ರಕಟಣೆ ಮಾಡಲಿ, ನಾವೂ ಪೇಟೆ ಬೀದಿಯಲ್ಲಿ ಜೊತೆಗೆ ನಿಂತು ಮಾರ್ತೀವಿ. ಪಾವಗಡದವನು ಅದೇ 21,000ಕ್ಕೆ ತಾನೇ ಅಚ್ಚು ಹಾಕಿಸಿ, 150 ರೂಪಾಯಿ ಬೆಲೆ ಇಟ್ಟು, ಕೈಯಾರೆ 140 ಪ್ರತಿ ಮಾರಿದರೆ ಅಚ್ಚಿನ ದುಡ್ಡು ವಾಪಸ್. ಅಂಗಡಿಗೆ ಕೊಟ್ಟರೆ ಅವರ ಪಾಲು ಶೇ. 40 ಹೋಗುತ್ತೆ ಅಂತ ಇಟ್ಟುಕೊಂಡರೆ ಪ್ರತಿಗೆ 90 ಸಿಗುತ್ತೆ, ಆಗ 234 ಪ್ರತಿ ಮಾರಬೇಕು. ಕಷ್ಟವೇ. ಆದರೆ ಕಷ್ಟ ಎಷ್ಟು ಅಂತ ಮೊದಲೇ ಗೊತ್ತಿರುವ ಕಷ್ಟ.

ಈಗ ನಮಗೆ ನಿಜವಾಗಿ ಮುಖ್ಯ ಅನ್ನಿಸುವ ಮಾತಿಗೆ ಬರೋಣ. ಎಂಟನೇ ಸೆಮಿಸ್ಟರಿನ ಪ್ರಾಜೆಕ್ಟ್‌ಗೆ ಗೈಡ್ ಇರ್ತಾರೆ, ಮೊದಲ ರಿವ್ಯೂ, ಎರಡನೇ ರಿವ್ಯೂ ಇರುತ್ತೆ, ಕೊನೆಗೆ ಹೊರಗಿನ ಎಕ್ಸಾಮಿನರ್ ಬಂದು ವೈವಾ ಮಾಡ್ತಾರೆ. ಮೂರು ವರ್ಷ ಬರೆದ ಪುಸ್ತಕಕ್ಕೆ ಇದ್ಯಾವುದೂ ಇಲ್ಲ. ಬರೆದವನು, ಅವನ ರೂಮ್‌ಮೇಟ್, ಆಮೇಲೆ ನೇರವಾಗಿ ಬಿಡುಗಡೆ ಸಮಾರಂಭ. ಮುನ್ನುಡಿ ಬರೆಯುವ ಹಿರಿಯರು ಪಾಪ ‘ಈ ಯುವ ಪ್ರತಿಭೆಗೆ ಉಜ್ವಲ ಭವಿಷ್ಯವಿದೆ’ ಅಂತ ಬರೆದುಕೊಡ್ತಾರೆ. ಬೇರೆ ಏನು ತಾನೇ ಬರೀತಾರೆ, ಪುಟಗಳು ಆಗಲೇ ಪ್ರೆಸ್ಸಿನಲ್ಲಿ ಇರುತ್ತವೆ.

ಕಳೆದ ತಿಂಗಳು ಪಾವಗಡದವನ ಹಸ್ತಪ್ರತಿಯ ಮೂರು ಅಧ್ಯಾಯಗಳನ್ನು ನಾವು ಆರು ಜನ ಕೂತು ಗಟ್ಟಿಯಾಗಿ ಓದಿದೆವು. ಅವನ ಮನೆ ಮಾತು ತೆಲುಗು. ಪಾವಗಡದ ಸುತ್ತ ಮೂರು ಕಡೆಯೂ ಆಂಧ್ರ, ಸಂತೆಯಲ್ಲಿ ಒಂದೇ ವಾಕ್ಯದಲ್ಲಿ ಎರಡು ಭಾಷೆ ಓಡಾಡುವುದು ಅಲ್ಲಿ ಮಾಮೂಲು. ಬರವಣಿಗೆಯಲ್ಲಿ ಮಾತ್ರ ಅವನು ಇಸ್ತ್ರಿ ಹಾಕಿದ ಕನ್ನಡ ಬರೆದಿದ್ದ. ತಾತ ಬೇಲಿ ಹಿಡಿದು ನಿಂತು ‘ನನ್ನ ಭೂಮಿಯನ್ನು ನಾನು ಮತ್ತೆ ಉಳಲಾರೆನೇ?’ ಅನ್ನುತ್ತಾರೆ. ಮಧುಗಿರಿಯವಳು ‘ನಿಮ್ ತಾತ ಹಿಂಗ್ ಮಾತಾಡ್ತಾರಾ?’ ಅಂತ ಕೇಳಿದಳು. ಎಲ್ಲ ನಕ್ಕೆವು, ಅವನಿಗೆ ಸಿಟ್ಟು ಬಂತು, ಎದ್ದು ಹೋದ. ಎರಡು ವಾರ ಬಿಟ್ಟು ಬಂದಾಗ ಆ ಜಾಗದಲ್ಲಿ ತಾತ ತೆಲುಗಿನಲ್ಲಿ ಒಂದು ಅರ್ಧ ವಾಕ್ಯ ಹೇಳಿ ಸುಮ್ಮನಾಗುತ್ತಾರೆ, ಮೊಮ್ಮಗ ಅದನ್ನು ನಮಗೆ ಕನ್ನಡದಲ್ಲಿ ಹೇಳುತ್ತಾನೆ, ಅದೂ ಪೂರ್ತಿ ಹೇಳಲ್ಲ. ಓದಿದ ಮೇಲೆ ಯಾರೂ ನಗಲಿಲ್ಲ. 42,000 ಕೊಟ್ಟಿದ್ದರೆ ಮೊದಲಿನ ಪುಟವೇ ಅಚ್ಚಾಗಿ ಕೂತಿರುತ್ತಿತ್ತು.

ನಮ್ಮ ಭಾಷೆ ಪುಸ್ತಕಕ್ಕೆ ಯೋಗ್ಯ ಅಲ್ಲ ಅನ್ನುವ ಅಂಜಿಕೆ ಈ ಕಡೆಯ ಹುಡುಗರಲ್ಲಿ ಇನ್ನೂ ಇದೆ, ಅದು ಬೇಡ. ಬರಗೂರು ರಾಮಚಂದ್ರಪ್ಪ ಹುಟ್ಟಿದ್ದು ಶಿರಾ ತಾಲ್ಲೂಕಿನ ಬರಗೂರಿನಲ್ಲಿ. 2016ರಲ್ಲಿ ರಾಯಚೂರಿನ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ‘ಮಣೆಗಾರ’ ಆತ್ಮಕಥೆ ಬರೆದ ತುಂಬಾಡಿ ರಾಮಯ್ಯ ಕೊರಟಗೆರೆ ತಾಲ್ಲೂಕಿನ ತುಂಬಾಡಿಯವರು. ನಂಜನಗೂಡು ಕಡೆಯ ಮಾತಿನಲ್ಲೇ ಬರೆದ ದೇವನೂರ ಮಹಾದೇವರ ‘ಕುಸುಮಬಾಲೆ’ಗೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದು ಮೂವತ್ತು ವರ್ಷದ ಮೇಲಾಯಿತು. ಇದಕ್ಕೂ ಹಿಂದೆ, ಉಡುಪಿಯ ವ್ಯಾಯಾಮದ ಮೇಷ್ಟ್ರು ಮುದ್ದಣ ತಾನು ಬರೆದದ್ದನ್ನು ಹಳೆಯ ಕವಿಯದು ಅಂತ ಹೇಳಿ ಮೈಸೂರಿಗೆ ಕಳಿಸಬೇಕಾಯಿತು. ನಮ್ಮ ಕಾಲಕ್ಕೆ ಅಂಥ ವೇಷ ಬೇಕಿಲ್ಲ.

ಶಿರಾದವನ ವಿಷಯದಲ್ಲಿ ಬೇರೆಯದೇ ಪ್ರಶ್ನೆ. ಹಾಡು ಅವನದಲ್ಲ. ರೆಕಾರ್ಡ್ ಮಾಡಿದ್ದು, ಬಸ್ಸಿಗೆ ದುಡ್ಡು ಹಾಕಿದ್ದು, ರಾತ್ರಿ ಕೂತು ಬರೆದದ್ದು ಅವನು, ನಿಜ. ಆದರೆ ಹಾಡಿದವರ ಹೆಸರು ಕೃತಜ್ಞತೆಯ ಪುಟದ ಕೊನೇ ಸಾಲಿಗೆ ಹೋಗಬಾರದು, ಮುಖಪುಟಕ್ಕೆ ಬರಬೇಕು. ಬರೆದದ್ದನ್ನು ಹಟ್ಟಿಗೆ ತೆಗೆದುಕೊಂಡು ಹೋಗಿ ಓದಿ ಹೇಳಿ, ಅವರು ಒಪ್ಪಿದ ಮೇಲೇ ಮುಂದಿನ ಮಾತು. ಅವನು ಒಪ್ಪಿದ್ದಾನೆ, ಕೆಲಸಕ್ಕೆ ಇನ್ನೊಂದು ವರ್ಷ ಬೇಕಂತೆ. ನವೆಂಬರ್‌ಗೆ ಅವನನ್ನು ಅವಸರ ಮಾಡಿಸಿ ನಾವು ಏನು ಸಾಧಿಸಬೇಕು?

ಹಾಗಾದರೆ ಪುಸ್ತಕ ಮಾಡುವುದೇ ಬೇಡವಾ? ಬೇಕು. ನಮ್ಮ ಹಾಗೆ ಇಂಜಿನಿಯರಿಂಗ್ ಓದಿದ ವಸುಧೇಂದ್ರ ಅವರ ದಾರಿ ನೋಡಿ. ಸಂಡೂರಿನವರು, ಸುರತ್ಕಲ್‌ನಲ್ಲಿ ಓದಿ, ಸಾಫ್ಟ್‌ವೇರ್ ಕೆಲಸದಲ್ಲಿ ಇದ್ದುಕೊಂಡೇ ‘ಛಂದ ಪುಸ್ತಕ’ ಶುರು ಮಾಡಿದರು. ತಮ್ಮ ಪುಸ್ತಕಕ್ಕೆ ಅಷ್ಟೇ ಅಲ್ಲ, ಇನ್ನೂ ಕಥಾ ಸಂಕಲನ ಬಾರದ ಹೊಸಬರಿಗೆ ಹಸ್ತಪ್ರತಿ ಸ್ಪರ್ಧೆ ಇಟ್ಟು, ಗೆದ್ದವರ ಮೊದಲ ಪುಸ್ತಕವನ್ನು ತಾವೇ ಪ್ರಕಟಿಸಿದರು. ಅಲ್ಲಿ ದುಡ್ಡು ಲೇಖಕನ ಕಡೆಗೆ ಹರಿಯುತ್ತೆ. ಮಧುಗಿರಿಯವಳ ಹನ್ನೊಂದು ಕಥೆ ಹೋಗಬೇಕಾದ್ದು ಅಂಥ ಕಡೆಗೆ. ಅದಕ್ಕೂ ಮುಂಚೆ ಒಂದೊಂದೇ ಕಥೆ ‘ಮಯೂರ’ಕ್ಕೆ, ‘ತುಷಾರ’ಕ್ಕೆ, ಪ್ರಜಾವಾಣಿ ದೀಪಾವಳಿ ಕಥಾ ಸ್ಪರ್ಧೆಗೆ ಹೋಗಲಿ. 18ರಿಂದ 29 ವಯಸ್ಸಿನವರಿಗೆ ಟೊಟೊ ಪುರಸ್ಕಾರ ಕನ್ನಡದಲ್ಲೂ ಇದೆ, ಅಪ್ರಕಟಿತ ಬರಹಕ್ಕೂ ಅವಕಾಶ ಇದೆ. ಕನ್ನಡ ಪುಸ್ತಕ ಪ್ರಾಧಿಕಾರ ಯುವ ಬರಹಗಾರರ ಚೊಚ್ಚಲ ಕೃತಿಗೆ ಪ್ರೋತ್ಸಾಹಧನ ಕೊಡುವ ಯೋಜನೆ ಇಟ್ಟಿದೆ, ಅರ್ಜಿ ಕರೆದಾಗ ಹಸ್ತಪ್ರತಿ ಕಳಿಸಬೇಕು. ವಾಪಸ್ ಬರಬಹುದು, ಉತ್ತರವೇ ಬಾರದೆ ಇರಬಹುದು. ಪ್ಲೇಸ್‌ಮೆಂಟ್‌ನಲ್ಲಿ ಹದಿನೈದು ಕಂಪನಿ ರಿಜೆಕ್ಟ್ ಮಾಡಿದರೂ ಹದಿನಾರನೇದಕ್ಕೆ ಟೈ ಕಟ್ಟಿಕೊಂಡು ಹೋಗ್ತೀವಿ, ಒಂದು ಪತ್ರಿಕೆ ಕಥೆ ಹಾಕದಿದ್ದರೆ ಮಾತ್ರ ದುಡ್ಡು ಕೊಟ್ಟು ಪುಸ್ತಕ ಮಾಡಿಸ್ತೀವಿ.

(ಒಂದು ತಾಂತ್ರಿಕ ಉಪಕಥೆ. ನಾವೆಲ್ಲ ಫೋನಿನಲ್ಲಿ ಯೂನಿಕೋಡ್‌ನಲ್ಲಿ ಟೈಪ್ ಮಾಡ್ತೀವಿ. ಪ್ರೆಸ್ಸಿನಲ್ಲಿ ಇನ್ನೂ ಪೇಜ್‌ಮೇಕರ್, ಹಳೇ ನುಡಿ ಫಾಂಟ್. ಪರಿವರ್ತನೆ ಮಾಡಿದಾಗ ಅರ್ಕಾವತ್ತು ಎಲ್ಲೋ ಹಾರಿ ಇನ್ನೆಲ್ಲೋ ಕೂರುತ್ತೆ. ಕಂಪ್ಯೂಟರ್ ಸೈನ್ಸ್ ಗೆಳೆಯರೇ, ಮಿನಿ ಪ್ರಾಜೆಕ್ಟ್‌ಗೆ ಮತ್ತೊಂದು ಲೈಬ್ರರಿ ಮ್ಯಾನೇಜ್‌ಮೆಂಟ್ ಸಿಸ್ಟಮ್ ಮಾಡುವ ಬದಲು ಇದನ್ನೊಂದು ಸರಿಯಾಗಿ ಮಾಡಿಕೊಡಿ, ಕೈಮುಗಿತೀವಿ.)

ಕಾಲೇಜು ಸಂಘದಿಂದ ಏನಾಗುತ್ತೆ ಅನ್ನುವವರಿಗೆ ಎರಡು ಹೆಸರು. ಬೆಂಗಳೂರು ಸೆಂಟ್ರಲ್ ಕಾಲೇಜಿನ ಕರ್ನಾಟಕ ಸಂಘದಿಂದ ಎ.ಆರ್. ಕೃಷ್ಣಶಾಸ್ತ್ರಿಗಳು ‘ಪ್ರಬುದ್ಧ ಕರ್ಣಾಟಕ’ ಹೊರಡಿಸಿ ನೂರು ವರ್ಷ ದಾಟಿತು. ಕ್ರೈಸ್ಟ್ ಕಾಲೇಜಿನಲ್ಲಿ ಮೇಷ್ಟ್ರಾಗಿದ್ದ ಚಿ. ಶ್ರೀನಿವಾಸರಾಜು ಅಲ್ಲಿನ ಕನ್ನಡ ಸಂಘದಿಂದ ನೂರಕ್ಕೂ ಹೆಚ್ಚು ಪುಸ್ತಕ ತಂದರು. ಬೇಂದ್ರೆ ಹೆಸರಿನಲ್ಲಿ ವಿದ್ಯಾರ್ಥಿಗಳಿಗೆ ಕವನ ಸ್ಪರ್ಧೆ ಇಟ್ಟು ಹೊಸ ಕವಿಗಳ ಪದ್ಯ ಅಚ್ಚು ಹಾಕಿಸಿದರು. ಕ್ರೈಸ್ಟ್ ಕೂಡ ಕನ್ನಡಕ್ಕೇ ಅಂತ ಕಟ್ಟಿದ ಕಾಲೇಜೇನಲ್ಲ.

ನಮ್ಮ ಸಂಘದ ಹತ್ತಿರ ಅಷ್ಟು ಶಕ್ತಿ ಇಲ್ಲ, ಒಪ್ಪಿದೆವು. ನಾವು ಕೇಳ್ತಿರುವುದು ಸಣ್ಣದು. ನವೆಂಬರಿನ ಬಿಡುಗಡೆ ಸಮಾರಂಭಕ್ಕೆ ಅಂತ ಎತ್ತಿಟ್ಟ ದುಡ್ಡಿನಲ್ಲಿ ಶಾಮಿಯಾನ, ಶಾಲು, ಹಾರ ಬಿಟ್ಟು ಬೇರೆ ಮೂರು ಕೆಲಸಕ್ಕೆ ಕೊಡಿ. ಒಂದು, ನಾಲ್ಕೂ ಹಸ್ತಪ್ರತಿಗಳ ಹತ್ತತ್ತು ಜೆರಾಕ್ಸ್ ಪ್ರತಿ, ಸ್ಪೈರಲ್ ಬೈಂಡಿಂಗ್. ಎರಡು, ಈ ನಾಲ್ಕು ತಾಲ್ಲೂಕಿನ ಲೇಖಕರೊಬ್ಬರನ್ನು ಕರೆಸಿ, ಭಾಷಣಕ್ಕೆ ಬದಲು ಒಂದು ದಿನ ಪೂರ್ತಿ ಹಸ್ತಪ್ರತಿ ಮುಂದಿಟ್ಟುಕೊಂಡು ತಪ್ಪು ಹೇಳಿಸುವುದು. ಬಸ್ ಚಾರ್ಜು, ಊಟ, ಗೌರವಧನ ಸಂಘದ್ದು. ಮೂರು, ಮುಂದಿನ ವರ್ಷ ಯಾವುದಾದರೂ ಪುಸ್ತಕ ಆದರೆ ಅದರ ಮೊದಲ ನಲವತ್ತು ಪ್ರತಿ ಸಂಘವೇ ಪೂರ್ತಿ ಬೆಲೆಗೆ ಕೊಂಡು ನಾಲ್ಕು ತಾಲ್ಲೂಕಿನ ಪಂಚಾಯ್ತಿ ಅರಿವು ಕೇಂದ್ರಗಳಿಗೆ ಕೊಡುವುದು. ತಿರುಮಣಿಯಲ್ಲಿ ಕೂತು ತಿರುಮಣಿಯ ಬಗ್ಗೆ ಓದುವವರು ಬೆಂಗಳೂರಿನ ಯಾವ ಅಂಗಡಿಗೂ ಬರಲ್ಲ.

ಪಾವಗಡದವನು ಇನ್ನೂ ಸಹಿ ಮಾಡಿಲ್ಲ. ಪ್ರಕಾಶಕರು ಈ ತಿಂಗಳ ಕೊನೆಯವರೆಗೆ ಟೈಮ್ ಕೊಟ್ಟಿದ್ದಾರೆ, ಅಪ್ಪ ದುಡ್ಡು ರೆಡಿ ಇದೆ ಅಂತ ವಾರಕ್ಕೊಂದು ಸಲ ಫೋನ್ ಮಾಡ್ತಿದ್ದಾರೆ. ಅವನನ್ನು ತಡೆಯಲು ನಮ್ಮ ಹತ್ತಿರ ಅಧಿಕಾರ ಇಲ್ಲ, ಓದುವ ಕಣ್ಣು ಮಾತ್ರ ಇದೆ. ಬರುವ ಎರಡನೇ ಶನಿವಾರ ಸಂಜೆ ನಾಲ್ಕಕ್ಕೆ, ಲೈಬ್ರರಿ ಹಿಂದಿನ ಕಟ್ಟೆಯ ಮೇಲೆ, ಅವನ ನಾಲ್ಕನೇ ಅಧ್ಯಾಯದಿಂದ ಕೊನೆಯವರೆಗೆ ಓದುತ್ತೇವೆ. ಇಂಟರ್ನಲ್ಸ್ ಮುಗಿದಿರುತ್ತೆ. ಪ್ರತಿ ಬೇಕಾದವರು ಸಂಘದ ಕಾರ್ಯದರ್ಶಿಯ ಹತ್ತಿರ ಮೊದಲೇ ಹೇಳಿ, ಪೆನ್ಸಿಲ್ ತನ್ನಿ.